ಮಾತ್ರೆಯು ಮನೆ ಸೇರುವ ದಾರಿ

ರಾಮನಗರದ ಬಸ್ಸು ನಿಲ್ದಾಣದಲ್ಲಿ ಒಂದು ಮಧ್ಯಾಹ್ನ ಮಾಗಡಿಯ ಬಸ್ಸಿಗಾಗಿ ಕಾದು ಕುಳಿತಿದ್ದಾಗ, ನನ್ನಿಂದ ಎರಡು ಮಾರು ದೂರದಲ್ಲಿ, ಕಲ್ಲುಬೆಂಚಿನ ತುದಿಯಲ್ಲಿ ಗೋಡೆಯ ಕಡೆಗೆ ಮೈ ತಿರುಗಿಸಿಕೊಂಡಿದ್ದ ಹೆಂಗಸೊಬ್ಬರು ಸೆರಗಿನ ಮರೆಯಲ್ಲಿ ಏನನ್ನೋ ಬಹು ಜಾಗರೂಕತೆಯಿಂದ ಮಾಡುತ್ತಿದ್ದುದು ಕಣ್ಣಿಗೆ ಬಿತ್ತು. ಬಿಳಿಯ ಪ್ಲಾಸ್ಟಿಕ್ ಡಬ್ಬಿಯೊಂದರ ಮುಚ್ಚಳ ತೆರೆದು, ಒಳಗಿನ ಮಾತ್ರೆಗಳನ್ನು ಸದ್ದಾಗದಂತೆ ಎಲೆಯಡಕೆಯ ಸಂಚಿಗೆ ಸುರಿದುಕೊಂಡು, ಡಬ್ಬಿಯ ಮೇಲಣ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತು ಚೂರು ಚೂರು ಮಾಡಿ ಒಂದು ಮೂಲೆಗೂ, ಬರಿದಾದ ಡಬ್ಬಿಯನ್ನು ಇನ್ನೊಂದು ಮೂಲೆಗೂ ಎಸೆದು, ಸಂಚಿಯನ್ನು ಮಡಿಲಿಗೆ ಸಿಕ್ಕಿಸಿಕೊಂಡು ಆಕೆ ಬಸ್ಸು ಹತ್ತಿದರು. ಮಾತ್ರೆಗೆ ತೇವ ತಗಲದಿರಲೆಂದು ತಯಾರಕರು ಡಬ್ಬಿಯೊಳಗೆ ಇಟ್ಟಿದ್ದ ಪುಟ್ಟ ಪೊಟ್ಟಣವೂ ಡಬ್ಬಿಯೊಡನೆಯೇ ಕಸದ ಪಾಲಾಯಿತು. ಅದು ಯಾವ ಡಬ್ಬಿಯೆಂಬುದು ನನಗೆ ತಿಳಿದಿತ್ತು. ಪರಿಚಿತರೊಬ್ಬರ ಜೊತೆಗೆ, ಎಚ್.ಐ.ವಿ. ಸೋಂಕಿತರಿಗೆ ಮಾತ್ರೆ ಕೊಡುವ ಎ.ಆರ್.ಟಿ. ಕೇಂದ್ರವೊಂದಕ್ಕೆ ಕೆಲವು ಸಲ ಹೋಗಿ ಬಂದವನಾದುದರಿಂದ ಅಲ್ಲಿಯ ಕಿಟಕಿಯಲ್ಲಿ ಅಂಥ ಡಬ್ಬಿಗಳು ಕೈ ಬದಲಾಗುವುದನ್ನು ಕಂಡಿದ್ದೆ. ಡಬ್ಬಿ ಅಲುಗಿದರೆ ಮಾತ್ರೆ ಗಲಗಲಿಸುತ್ತದೆ. ಗಲಗಲಿಸಿದರೆ ಪಕ್ಕದವರು ಕೇಳುತ್ತಾರೆ. ಕೇಳಿದರೆ ಹೇಳಲು ಒಂದು ಸುಳ್ಳು ಬೇಕು. ಆ ಸುಳ್ಳು ಊರು ಮುಟ್ಟುವುದರೊಳಗೆ ಸತ್ಯವಾಗಿ ಹೊರಬಿದ್ದರೆ ಬಾಡಿಗೆಯ ಮನೆ, ಮಗಳ ಸಂಬಂಧ, ಕೂಲಿಯ ಕೆಲಸ, ಎಲ್ಲವೂ ಅಲುಗಾಡುತ್ತವೆ.

ಎಚ್.ಐ.ವಿ. ಔಷಧಗಳಿಗೆ ಆ ವೈರಾಣು ಬಗ್ಗದೆ ಹೋಗುವ ವಿಷಯವನ್ನು ಬರೆಯಹೊರಟವನು ಪ್ರಯೋಗಶಾಲೆಯಿಂದ ಪ್ರಾರಂಭಿಸದೆ ಬಸ್ಸು ನಿಲ್ದಾಣದಿಂದ ಪ್ರಾರಂಭಿಸಿದುದಕ್ಕೆ ಕಾರಣವುಂಟು. ವೈದ್ಯರ ಭಾಷೆಯಲ್ಲಿ ಔಷಧಪ್ರತಿರೋಧವೆಂದು ಹೆಸರಾದ ಈ ವಿಪತ್ತು ರೋಗಿಯ ರಕ್ತದಲ್ಲಿ ಕಾಣಿಸಿಕೊಂಡೊಡನೆ ನಮ್ಮ ಬಾಯಿಂದ ಹೊರಡುವ ಮೊದಲ ಮಾತು, 'ಇವನು ಮಾತ್ರೆಯನ್ನು ಸರಿಯಾಗಿ ನುಂಗಲಿಲ್ಲ' ಎಂಬುದು. ಆಪ್ತಸಮಾಲೋಚಕರು ಅದನ್ನು ಮೃದುವಾಗಿ ಹೇಳುತ್ತಾರೆ, ಮನೆಯವರು ಕಟುವಾಗಿ ಹೇಳುತ್ತಾರೆ, ರೋಗಿಯಂತೂ ತನಗೆ ತಾನೇ ಹೇಳಿಕೊಂಡು ತಲೆ ತಗ್ಗಿಸುತ್ತಾನೆ. ಆ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನುಂಗದೆ ಉಳಿದ ಮಾತ್ರೆಯ ಹಿಂದೆ ಯಾವ ದಾರಿ, ಯಾವ ಕೂಲಿ, ಯಾವ ಭಯ, ಯಾವ ಕಚೇರಿಯ ಯಾವ ಆಲಸ್ಯ ನಿಂತಿದೆಯೆಂಬುದನ್ನು ವಿಚಾರಿಸದೆ ತೀರ್ಪು ಕೊಡುವುದು ಅನ್ಯಾಯವೆಂದೂ, ಆ ಅನ್ಯಾಯವು ಕೇವಲ ಮನಸ್ಸನ್ನು ನೋಯಿಸಿ ಸುಮ್ಮನಾಗದೆ ರೋಗವನ್ನೇ ಬಲಪಡಿಸುತ್ತದೆಯೆಂದೂ ನಾನು ದೃಢವಾಗಿ ನಂಬಿದ್ದೇನೆ.

ವೈರಾಣುವಿನ ವ್ಯಾಪಾರವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಚಿಕಿತ್ಸೆಯಿಲ್ಲದ ಸೋಂಕಿತನ ದೇಹದಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಾಣುಗಳು ಹುಟ್ಟುತ್ತವೆ. ಪ್ರತಿಯೊಂದೂ ತನ್ನ ಹತ್ತಿರ ಹತ್ತು ಸಾವಿರ ಅಕ್ಷರಗಳ ವಂಶಲಿಪಿಯನ್ನು ನಕಲು ಮಾಡಿಸಿಕೊಂಡೇ ಹುಟ್ಟಬೇಕು. ನಕಲು ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವಕ್ಕೋ, ಬರೆದುದನ್ನು ಮತ್ತೊಮ್ಮೆ ಓದಿ ತಿದ್ದುವ ಅಭ್ಯಾಸವಿಲ್ಲ. ಆದುದರಿಂದ ನಕಲಿನಲ್ಲಿ ತಪ್ಪುಗಳು ಧಾರಾಳವಾಗಿ ನುಸುಳುತ್ತವೆ. ಆ ತಪ್ಪುಗಳಲ್ಲಿ ಬಹುಪಾಲು ವೈರಾಣುವಿಗೇ ಹಾನಿಕರವಾದವು; ಆದರೆ ಲೆಕ್ಕವಿಲ್ಲದಷ್ಟು ತಪ್ಪುಗಳ ನಡುವೆ ಎಲ್ಲಿಯೋ ಒಂದು, ಔಷಧದ ಹಿಡಿತದಿಂದ ತಪ್ಪಿಸಿಕೊಳ್ಳುವ ಉಪಾಯವಾಗಿ ಪರಿಣಮಿಸುತ್ತದೆ. ಆ ಕಿಣ್ವದ 184ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ ಲ್ಯಾಮಿವುಡಿನ್ ಎಂಬ ಮದ್ದು ಬಲಗುಂದುತ್ತದೆ. 103ನೆಯ ಸ್ಥಾನದಲ್ಲಿ ಬದಲಾದರೆ ನೆವಿರಾಪಿನ್ ಮತ್ತು ಎಫಾವಿರೆಂಜ್ ಎರಡೂ ಒಟ್ಟಿಗೆ ಕೈಬಿಡುತ್ತವೆ. ಮೂರು ಮದ್ದುಗಳನ್ನು ಏಕಕಾಲಕ್ಕೆ ಕೊಡುವ ಕ್ರಮ ಹುಟ್ಟಿದುದು ಇದಕ್ಕಾಗಿಯೇ: ಮೂರರಿಂದಲೂ ಒಮ್ಮೆಗೇ ತಪ್ಪಿಸಿಕೊಳ್ಳುವ ತಪ್ಪುಗಳ ಕೂಟವೊಂದು ಒಂದೇ ವೈರಾಣುವಿನಲ್ಲಿ ಒದಗುವುದು ಅತಿ ದುರ್ಲಭ.

ಮದ್ದನ್ನು ಪೂರ್ತಿಯಾಗಿ ಸೇವಿಸಿದರೆ ವೈರಾಣುವಿನ ಸಂತಾನವೇ ನಿಂತುಹೋಗುತ್ತದೆ. ಸಂತಾನವಿಲ್ಲದಲ್ಲಿ ತಪ್ಪೂ ಇಲ್ಲ. ಮದ್ದನ್ನು ಮುಟ್ಟದೆಯೇ ಇದ್ದರೆ ರೋಗಿ ಸೊರಗುತ್ತಾನೆ, ಆದರೆ ಔಷಧಕ್ಕೆ ಬಗ್ಗದ ತಳಿಗೆ ಅಲ್ಲಿ ವಿಶೇಷವಾದ ಅನುಕೂಲವೇನೂ ಇರದು. ಅಪಾಯವಿರುವುದು ಇವೆರಡರ ನಡುವಣ ಅರೆಬರೆಯ ಸ್ಥಿತಿಯಲ್ಲಿ. ರೇಷ್ಮೆ ಸಾಕುವ ನಮ್ಮ ಜಿಲ್ಲೆಯ ರೈತನಿಗೆ ಇದನ್ನು ವಿವರಿಸಬೇಕಾದ ಕಷ್ಟವಿಲ್ಲ: ಬೆಳೆ ತೆಗೆದ ಮೇಲೆ ಹುಳುಮನೆಯ ಅರ್ಧಕ್ಕೆ ಮಾತ್ರ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ತೊಳೆದು ಉಳಿದರ್ಧವನ್ನು ಹಾಗೆಯೇ ಬಿಟ್ಟರೆ ಮುಂದಿನ ಬೆಳೆಗೆ ಏನಾಗುತ್ತದೆಂದು ಅವನು ಬಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಮೂರು ಮದ್ದುಗಳೂ ರಕ್ತದಲ್ಲಿ ಸಮಕಾಲ ನಿಲ್ಲುವುವಲ್ಲ. ಮಾತ್ರೆ ನಿಂತ ಮೇಲೆ ಕೆಲವು ಬೇಗ ಕರಗಿಹೋಗುತ್ತವೆ. ನೆವಿರಾಪಿನ್, ಎಫಾವಿರೆಂಜ್‌ಗಳು ದಿನಗಟ್ಟಲೆ ಉಳಿದುಕೊಂಡು, ಜೊತೆಗಾರರಿಲ್ಲದೆ ಒಂಟಿಯಾಗಿ ವೈರಾಣುವನ್ನು ಎದುರಿಸುತ್ತವೆ. ಒಂಟಿ ಮದ್ದನ್ನು ಸೋಲಿಸುವುದಕ್ಕೆ ಒಂದೇ ತಪ್ಪು ಸಾಕು. ಹೀಗೆ ಗೆದ್ದ ತಳಿಯು ದೇಹದ ದೀರ್ಘಾಯುಷಿ ಜೀವಕೋಶಗಳಲ್ಲಿ ಸೇರಿಕೊಂಡು ಜೀವಮಾನವೆಲ್ಲ ಉಳಿಯುತ್ತದೆ. ಗಂಡನಿಂದ ಹೆಂಡತಿಗೆ, ತಾಯಿಯಿಂದ ಶಿಶುವಿಗೆ ದಾಟಲೂಬಲ್ಲುದು. ಒಂದು ಮಾತ್ರೆಯನ್ನೂ ನುಂಗಿರದ ಕೂಸು ಹುಟ್ಟುವಾಗಲೇ ಮದ್ದಿಗೆ ಬಗ್ಗದ ರೋಗವನ್ನು ಪಡೆದು ಬಂದಿರಬಹುದೆಂಬುದನ್ನು ನೆನೆದರೆ, 'ಸರಿಯಾಗಿ ನುಂಗಲಿಲ್ಲ' ಎಂಬ ತೀರ್ಪಿನ ಪೊಳ್ಳು ಅರ್ಥವಾಗುತ್ತದೆ.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಚೆನ್ನೈಯಲ್ಲಿ, ಸುನೀತಿ ಸಾಲೊಮನ್ ಮತ್ತು ಸೆಲ್ಲಪ್ಪನ್ ನಿರ್ಮಲಾ ಅವರ ಶ್ರಮದಿಂದ. ಮರುವರ್ಷ ಅಮೆರಿಕದಲ್ಲಿ ಜಿಡೊವುಡಿನ್ ಎಂಬ ಮೊದಲ ಔಷಧಕ್ಕೆ ಸಮ್ಮತಿ ದೊರೆಯಿತು. 1996ರಲ್ಲಿ ತ್ರಿವಿಧ ಚಿಕಿತ್ಸೆ ಜಯ ಸಾಧಿಸಿದಾಗ ಅದರ ಬೆಲೆ ವರ್ಷಕ್ಕೆ ಹತ್ತು ಸಾವಿರ ಡಾಲರನ್ನು ಮೀರಿತ್ತು. 2001ರಲ್ಲಿ ಸಿಪ್ಲಾ ಸಂಸ್ಥೆಯ ಯೂಸುಫ್ ಹಮೀದ್ ಅವರು ದಿನಕ್ಕೆ ಒಂದು ಡಾಲರಿಗಿಂತಲೂ ಕಡಮೆ ದರದಲ್ಲಿ ಈ ಔಷಧವನ್ನು ಒದಗಿಸುವುದಾಗಿ ಘೋಷಿಸಿದುದು ಲೋಕೇತಿಹಾಸದಲ್ಲಿ ಬರೆದಿಡತಕ್ಕ ಸಂಗತಿ. 2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಎಂಟು ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ಬೆಂಗಳೂರಿನ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಅವುಗಳಲ್ಲೊಂದು. ಆಗ ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. 2007ರ ಆಗಸ್ಟಿನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳೆಂಬ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಜಿಲ್ಲೆ ಮಾಡಿದುದು, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟುದು ಓದುಗರಿಗೆ ಗೊತ್ತಿದೆ.

2004ಕ್ಕೆ ಹಿಂದಿನ ವರ್ಷಗಳನ್ನು ನಾವು ಸುಲಭವಾಗಿ ಮರೆಯುತ್ತೇವೆ. ಆಗ ಹಣವುಳ್ಳವನು ಮೂರು ಮದ್ದು ಕೊಂಡ; ಅರ್ಧ ಹಣವುಳ್ಳವನು ಎರಡು ಕೊಂಡ; ಎಮ್ಮೆ ಮಾರಿದವನು ಆ ದುಡ್ಡು ಇರುವತನಕ ಕೊಂಡು, ತೀರಿದ ಮೇಲೆ ನಿಲ್ಲಿಸಿ, ಮತ್ತೆ ಬೆಳೆ ಬಂದಾಗ ಕೊಂಡ. ಅವರಲ್ಲಿ ಯಾರೂ ಉದಾಸೀನರಾಗಿರಲಿಲ್ಲ. ಮಾತ್ರೆಗಾಗಿ ಕೊರಳ ತಾಳಿಯನ್ನು ಅಡವಿಟ್ಟವರನ್ನು ಉದಾಸೀನರೆನ್ನುವುದು ಹೇಗೆ? ಆದರೂ ವೈರಾಣುವಿಗೆ ತಪ್ಪಿಸಿಕೊಳ್ಳುವ ವಿದ್ಯೆಯನ್ನು ಕಲಿಸಿದುದು ಆ ಅರ್ಧ ಚಿಕಿತ್ಸೆಯೇ. ಅನಂತರ 2008ರಲ್ಲಿ ಸರ್ಕಾರ, ಮೊದಲ ಮದ್ದು ಸೋತವರಿಗೆ ಎರಡನೆಯ ಹಂತದ ಔಷಧವನ್ನು, ಸೆಕೆಂಡ್ ಲೈನ್ ಎಂದು ಎಲ್ಲರೂ ಕರೆಯುವುದನ್ನು, ಕೊಡತೊಡಗಿದಾಗ ಮೊದಮೊದಲು ಅದಕ್ಕೆ ಅರ್ಹತೆಯ ಬೇಲಿ ಹಾಕಿತು. ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋದ ಮೇಲೆ ಆ ಬೇಲಿ ತೆರೆಯಿತು.

ಸರ್ಕಾರದ ಚಿಕಿತ್ಸಾಕ್ರಮಗಳೇ ಪ್ರತಿರೋಧವನ್ನು ಬಿತ್ತಿದ ಸಂದರ್ಭಗಳೂ ಉಂಟು. ಇದನ್ನು ದೂಷಣೆಗಾಗಿ ಹೇಳುತ್ತಿಲ್ಲ, ನಡೆದುದು ಹಾಗೆ. ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ನೆವಿರಾಪಿನ್ ಒಂದೇ ಮಾತ್ರೆ, ಹುಟ್ಟಿದ ಮಗುವಿಗೆ ಒಂದು ತೊಟ್ಟು: ಈ ಕ್ರಮ ನಮ್ಮಲ್ಲಿಯೂ ಆಫ್ರಿಕದಲ್ಲಿಯೂ ವರ್ಷಗಳ ಕಾಲ ನಡೆದು ಸಾವಿರಾರು ಶಿಶುಗಳನ್ನು ಸೋಂಕಿನಿಂದ ಉಳಿಸಿತು. ಆದರೆ ಆ ಒಂಟಿ ಮಾತ್ರೆ ತಾಯಿಯ ರಕ್ತದಲ್ಲಿ ದಿನಗಟ್ಟಲೆ ತಂಗಿ, ಮುಂದೆ ಅವಳಿಗೇ ಬೇಕಾಗಲಿದ್ದ ಔಷಧಕ್ಕೆ ಬಗ್ಗದ ತಳಿಯನ್ನು ಎಷ್ಟೋ ಮಂದಿಯಲ್ಲಿ ಎಬ್ಬಿಸಿತು. ಗರ್ಭಿಣಿಯರೆಲ್ಲರಿಗೂ ಆಜೀವ ತ್ರಿವಿಧ ಚಿಕಿತ್ಸೆಯೆಂಬ ನಿಯಮ ಭಾರತದಲ್ಲಿ ಬಂದುದು 2014ರ ಜನವರಿಯಿಂದ. ಸ್ಟಾವುಡಿನ್ ಎಂಬ ಇನ್ನೊಂದು ಅಗ್ಗದ ಮದ್ದಿನ ಕಥೆ ಇದಕ್ಕಿಂತ ಕರುಣಾಜನಕ. ಅದನ್ನು ವರ್ಷಗಟ್ಟಲೆ ಸೇವಿಸಿದವರ ಕೆನ್ನೆಯ ಕೊಬ್ಬು ಕರಗಿ ಮುಖ ಗುಳಿಬೀಳುತ್ತಿತ್ತು, ಅಂಗಾಲು ಉರಿಯುತ್ತಿತ್ತು. ರೋಗವನ್ನು ಮುಚ್ಚಿಡುವುದಕ್ಕಾಗಿ ಇಷ್ಟೆಲ್ಲ ಪಾಡುಪಟ್ಟವರ ಮುಖದ ಮೇಲೆ ಮದ್ದೇ ರೋಗದ ಮುದ್ರೆಯನ್ನೊತ್ತಿದರೆ ಅವರು ಆ ಮದ್ದನ್ನು ಹೇಗೆ ಪ್ರೀತಿಸಿಯಾರು? ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸ್ಟಾವುಡಿನ್ ಬಿಡುವಂತೆ ಸಲಹೆ ಮಾಡಿತು. ಶ್ರೀಮಂತ ದೇಶಗಳು ಅದಕ್ಕೂ ಬಹು ಹಿಂದೆಯೇ ಬಿಟ್ಟಿದ್ದವು. ಆ ನಡುವೆ ಮಾತ್ರೆಯನ್ನು ಕಸಕ್ಕೆಸೆದ ಬಡವರನ್ನು ನಾನು ದೂರಲಾರೆ.

ಬಡವರ ಮೇಲಿನ ಅಪನಂಬಿಕೆ ಈ ಕ್ಷೇತ್ರದಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು. 2001ರಲ್ಲಿ ಅಮೆರಿಕ ಸರ್ಕಾರದ ವಿದೇಶೀ ನೆರವಿನ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆಂಡ್ರ್ಯೂ ನ್ಯಾಟ್ಸಿಯೋಸ್ ಅವರು, ಆಫ್ರಿಕದ ಎಷ್ಟೋ ಜನರಿಗೆ ಗಡಿಯಾರದ ಕಾಲವೇ ತಿಳಿಯದು, ಹೊತ್ತು ಹೊತ್ತಿಗೆ ನುಂಗಬೇಕಾದ ಮಾತ್ರೆಯನ್ನು ಅಂಥವರಿಗೆ ಕೊಟ್ಟು ಪ್ರಯೋಜನವೇನು ಎಂಬ ಅರ್ಥದ ಮಾತನ್ನಾಡಿದರು. ಐದು ವರ್ಷಗಳ ತರುವಾಯ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿಯೇ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕವೊಂದು ಪ್ರಕಟವಾಯಿತು. ಮಾತ್ರೆಯನ್ನು ನಿಷ್ಠೆಯಿಂದ ಸೇವಿಸುವವರು ಉತ್ತರ ಅಮೆರಿಕದಲ್ಲಿ ನೂರಕ್ಕೆ 55 ಮಂದಿ, ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದಲ್ಲಿ ನೂರಕ್ಕೆ 77 ಮಂದಿ. ಸೂರ್ಯನನ್ನು ನೋಡಿ ಹೊತ್ತು ತಿಳಿಯುವವರು ಗಡಿಯಾರ ಕಟ್ಟಿದವರಿಗಿಂತ ಹೆಚ್ಚು ನಿಷ್ಠರಾಗಿದ್ದರು.

ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಯೋಗ ಇದಕ್ಕಿಂತಲೂ ವಿಚಾರಾರ್ಹವಾದುದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಅನಿತಾ ಶೇಟ್ ಮತ್ತು ಅವರ ಸಹೋದ್ಯೋಗಿಗಳು ದಕ್ಷಿಣ ಭಾರತದ ಮೂರು ಚಿಕಿತ್ಸಾಕೇಂದ್ರಗಳಲ್ಲಿ, ಹೊಸದಾಗಿ ಔಷಧ ಆರಂಭಿಸುವ 631 ಮಂದಿಯನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರಿಗೆ ವಾರವಾರವೂ ಮೊಬೈಲಿಗೆ ಧ್ವನಿಕರೆಯನ್ನೂ ಚಿತ್ರಸಂದೇಶವನ್ನೂ ಕಳುಹಿಸಿ ಮಾತ್ರೆಯ ನೆನಪು ಮಾಡಿಸಿದರು; ಇನ್ನೊಂದು ಪಂಗಡಕ್ಕೆ ಎಂದಿನ ಸಮಾಲೋಚನೆ ಮಾತ್ರ. 96 ವಾರಗಳ ಕಾಲ ಇವರನ್ನು ಗಮನಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಪಂಗಡಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಔಷಧ ಸೋತವರ ಪ್ರಮಾಣ ಎರಡೂ ಕಡೆ ಸರಿಸುಮಾರು ಒಂದೇ ಆಗಿತ್ತು. ಆಶಿಸಿದ ಫಲ ಬಾರದಿದ್ದರೂ ಅದನ್ನು ಮುಚ್ಚಿಡದೆ ಲೋಕದ ಮುಂದಿಟ್ಟ ಆ ಸಂಶೋಧಕರ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. ಅವರ ಲೆಕ್ಕದಿಂದ ನಾನು ಗ್ರಹಿಸುವುದಿಷ್ಟು: ಜನರು ಮಾತ್ರೆಯನ್ನು ಮರೆತವರಲ್ಲ. ನೆನಪಿದ್ದೂ ನುಂಗಲಾಗದೆ ಹೋದವರಿಗೆ ನೆನಪೋಲೆಯಿಂದ ಏನು ಉಪಕಾರ?

ನೆನಪಿದ್ದೂ ಆಗದೆ ಹೋಗುವುದೆಂದರೆ ಏನೆಂದು ನಮ್ಮ ಈ ತಾಲ್ಲೂಕುಗಳಲ್ಲಿ ಸುತ್ತಾಡಿದವರಿಗೆ ತಿಳಿಯುತ್ತದೆ. ಕನಕಪುರದ ಕೋಡಿಹಳ್ಳಿಯ ಕಡೆಯ ಒಬ್ಬ ರೇಷ್ಮೆ ಬೆಳೆಗಾರನನ್ನು ಕಲ್ಪಿಸಿಕೊಳ್ಳಿ. ಅವನ ಹುಳುವಿಗೆ ನಾಲ್ಕು ಜ್ವರ. ಜ್ವರವೆಂದರೆ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿ ಕುಳಿತು ಪೊರೆ ಕಳಚುವ ಕಾಲ. ನಾಲ್ಕನೆಯ ಜ್ವರದಿಂದೆದ್ದ ಹುಳು ತನ್ನ ಇಡೀ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲಿಗೂ ಮಿಕ್ಕಿದುದನ್ನು ಆ ಏಳೆಂಟು ದಿನಗಳಲ್ಲಿ ತಿನ್ನುತ್ತದೆ. ಆಗ ಹುಳುಮನೆಯಲ್ಲಿ ಕಿವಿಯಿಟ್ಟರೆ ಸಣ್ಣ ಮಳೆ ಬೀಳುವಂಥ ಸದ್ದು. ಆ ದಿನಗಳಲ್ಲಿ ಮನೆಯವರು ಹಗಲಿರುಳು ಸೊಪ್ಪು ಕೊಯ್ಯುವುದು, ಹಾಕುವುದು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು, ಇದರ ಹೊರತು ಬೇರೆ ಲೋಕವನ್ನೇ ಅರಿಯರು. ಆ ವಾರದೊಳಗೆ ಆಸ್ಪತ್ರೆಯ ತಾರೀಖು ಬಂದರೆ ಅವನು ಹೋಗುವುದಿಲ್ಲ; ಹೋದರೆ ಬೆಳೆ ಕೆಡುತ್ತದೆ, ಬೆಳೆ ಕೆಟ್ಟರೆ ಸಾಲ ಉಳಿಯುತ್ತದೆ. ಕೇಂದ್ರದವರು ಕೊಟ್ಟ ಅವನ ಹಸಿರು ಚಿಕಿತ್ಸಾಪುಸ್ತಕದಲ್ಲಿ 'ಗೈರುಹಾಜರಿ' ಎಂದು ಬರೆಯುತ್ತಾರೆ. ರಾಮನಗರದ ನೂಲು ಬಿಚ್ಚಾಣಿಕೆಯ ಘಟಕದಲ್ಲಿ, ಕುದಿನೀರಿನ ಬಾಣಲೆಯ ಮುಂದೆ ಕುಳಿತು ಬೆರಳುಗಳು ನೆನೆದು ಬೆಳ್ಳಗಾದ ಕೂಲಿಕಾರ್ತಿಗೆ ಒಂದು ದಿನದ ರಜೆಯೆಂದರೆ ಒಂದು ದಿನದ ಅನ್ನ. ಪ್ರತಿ ತಿಂಗಳೂ ಅದೇ ತಾರೀಖಿಗೆ ರಜೆ ಕೇಳಿದರೆ ಯಜಮಾನ 'ಎಲ್ಲಿಗಮ್ಮ?' ಎನ್ನುತ್ತಾನೆ. ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ಲೇತಿಗೆ ಕೊಟ್ಟು, ಅರಗಿನ ಬಣ್ಣ ಒತ್ತಿ, ತಾಳೆಗರಿಯಿಂದ ಮೆರುಗು ಕೊಡುವ ಬೊಂಬೆಯ ಕುಶಲಿಗನಿಗೂ ಹಬ್ಬದ ಮುಂಚಿನ ದಿನಗಳಲ್ಲಿ ಇದೇ ಪಾಡು.

ದೂರದ ಮಾತನ್ನು ಬೇರೆ ಹೇಳಬೇಕೆ? ಮಾಗಡಿ ತಾಲ್ಲೂಕಿನ ಕುದೂರಿನವರು ಜಿಲ್ಲಾಕೇಂದ್ರಕ್ಕೆ ಬರಬೇಕಾದರೆ ಮಾಗಡಿಯಲ್ಲಿಳಿದು ಬಸ್ಸು ಬದಲಿಸಿ, ಹಿಂದಿರುಗುವಾಗಲೂ ಹಾಗೆಯೇ ಮಾಡಿ, ಬೆಳಗಿನಿಂದ ಸಂಜೆಯವರೆಗೆ ದಾರಿಯಲ್ಲೇ ಇರಬೇಕು. 2023ರ ಜೂನಿನಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. ಈ ಯೋಜನೆಯ ಬಗ್ಗೆ ರಾಜಕೀಯವಾಗಿ ಯಾರು ಏನನ್ನಾದರೂ ಹೇಳಲಿ, ಆಸ್ಪತ್ರೆಯ ದಾರಿ ಹಿಡಿದ ಬಡ ಹೆಂಗಸಿನ ಪಾಲಿಗೆ ಅದು ನಿಜವಾದ ಉಪಕಾರವೆಂದು ನಾನು ಹೇಳುತ್ತೇನೆ. ಗಂಡಸಿಗೆ ಮಾತ್ರ ಆ ಉಪಕಾರವಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಲಿಂಕ್ ಎ.ಆರ್.ಟಿ. ಕೇಂದ್ರಗಳೆಂಬ ಏರ್ಪಾಡು ಇರುವುದೇ ಮಾತ್ರೆಯನ್ನು ರೋಗಿಗೆ ಹತ್ತಿರ ತರಲೆಂದು. ಆದರೆ ಹತ್ತಿರದ ಕೇಂದ್ರದಲ್ಲಿ ಪರಿಚಯದವರು ಎದುರಾಗುವ ಭಯ ದೊಡ್ಡದು. ದೂರ ಹೋದರೆ ಕೂಲಿ ಹೋಗುತ್ತದೆ, ಹತ್ತಿರ ಹೋದರೆ ಮಾನ ಹೋಗುತ್ತದೆ: ಈ ಎರಡು ಅಲಗುಗಳ ನಡುವೆ ತಿಂಗಳು ತಿಂಗಳೂ ನಡೆದು, ಅರವತ್ತು ಹೊತ್ತಿನ ಮಾತ್ರೆಯಲ್ಲಿ ಮೂರಕ್ಕಿಂತ ಹೆಚ್ಚು ತಪ್ಪಬಾರದೆಂಬ, ಹಳೆಯ ಔಷಧಗಳ ಕಾಲದ ಕಠಿಣ ನಿಯಮವನ್ನು ವರ್ಷಗಟ್ಟಲೆ ಪಾಲಿಸಿದವರು ಈ ಜಿಲ್ಲೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗೆ ಸಲ್ಲಬೇಕಾದ ಗೌರವವನ್ನು ನಾವು ಎಂದೂ ಸಲ್ಲಿಸಿಲ್ಲ.

ಈಗ ಇನ್ನೊಂದು ಮುಖ್ಯ ವಿಷಯ. ಔಷಧ ಸೋಲುತ್ತಿದೆಯೆಂಬುದು ಗೊತ್ತಾಗುವುದು ಹೇಗೆ? ರೋಗಿಗೆ ಏನೂ ಅನ್ನಿಸುವುದಿಲ್ಲ. ಅವನು ಗದ್ದೆಗೆ ಹೋಗುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ರಕ್ತದ ಒಂದು ಮಿಲಿಲೀಟರಿನಲ್ಲಿ ಎಷ್ಟು ವೈರಾಣುಗಳಿವೆಯೆಂದು ಎಣಿಸುವ ವೈರಲ್ ಲೋಡ್ ಪರೀಕ್ಷೆಯೊಂದೇ ಅದನ್ನು ಬೇಗ ತೋರಿಸಬಲ್ಲುದು. ಈ ಪರೀಕ್ಷೆ ಎಲ್ಲ ರೋಗಿಗಳಿಗೂ ಕ್ರಮವಾಗಿ ದೊರೆಯಬೇಕೆಂಬ ಕಾರ್ಯಕ್ರಮ ಭಾರತದಲ್ಲಿ ಆರಂಭವಾದುದು 2018ರಲ್ಲಿ. ಉಚಿತ ಮಾತ್ರೆ ಕೊಡಲಾರಂಭಿಸಿ ಹದಿನಾಲ್ಕು ವರ್ಷಗಳ ಅನಂತರ! ಅಲ್ಲಿಯವರೆಗೆ ರಕ್ತದಲ್ಲಿರುವ ರೋಗನಿರೋಧಕ ಸಿಡಿ4 ಕಣಗಳು ಕುಸಿಯುವುದನ್ನೋ, ಕ್ಷಯವೋ ಬಾಯಿಹುಣ್ಣೋ ಕಾಣಿಸಿಕೊಳ್ಳುವುದನ್ನೋ ಕಾದು, ಆಮೇಲೆ ಔಷಧ ಸೋತಿತೆಂದು ಊಹಿಸುವುದೇ ರೂಢಿಯಾಗಿತ್ತು. ಸೋತ ಮದ್ದನ್ನೇ ರೋಗಿಯು ಆ ಅವಧಿಯೆಲ್ಲ ಶ್ರದ್ಧೆಯಿಂದ ನುಂಗುತ್ತಿದ್ದ. ಒಂದೊಂದು ತಿಂಗಳಿಗೂ ವೈರಾಣು ಹೊಸದೊಂದು ವಿದ್ಯೆ ಕಲಿಯುತ್ತಿತ್ತು. ಮುಂದಿನ ಹಂತದ ಮದ್ದನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಅದರಲ್ಲಿಯೂ ಒಂದೆರಡರ ಮೊನೆ ಮುರಿದಿರುತ್ತಿತ್ತು. ಇಲ್ಲಿ ಮಾತ್ರೆ ತಪ್ಪಿಸಿದ ದೋಷಕ್ಕಿಂತ ಮಾತ್ರೆಯನ್ನು ತಪ್ಪದೆ ನುಂಗಿದುದೇ ರೋಗಿಗೆ ಮುಳುವಾಯಿತೆಂಬುದನ್ನು ಗಮನಿಸಬೇಕು.

ಈಗಲೂ ಸ್ಥಿರವಾಗಿರುವ ರೋಗಿಗೆ ಪರೀಕ್ಷೆ ವರ್ಷಕ್ಕೊಮ್ಮೆ. ಪರೀಕ್ಷೆಯಾದ ಮರುತಿಂಗಳೇ ವೈರಾಣು ತಲೆಯೆತ್ತಿದರೆ ಅದು ತಿಳಿಯಲು ಹತ್ತು ಹನ್ನೊಂದು ತಿಂಗಳು ಬೇಕು. ಎಣಿಕೆ 1000ವನ್ನು ಮೀರಿದೆಯೆಂದು ಗೊತ್ತಾದ ಮೇಲೆ ಕೆಲವು ತಿಂಗಳು ವಿಶೇಷ ಸಮಾಲೋಚನೆ, ಪುನಃ ಪರೀಕ್ಷೆ, ಅನಂತರ ತಜ್ಞರ ಮಂಡಲಿಗೆ ಕಾಗದ. ಯಾವ ಮದ್ದು ಸೋತಿದೆ, ಯಾವುದು ಉಳಿದಿದೆ ಎಂದು ವೈರಾಣುವಿನ ವಂಶಲಿಪಿಯನ್ನೇ ಓದಿ ಹೇಳುವ ಜೀನೋಟೈಪ್ ಪರೀಕ್ಷೆ ಶ್ರೀಮಂತ ದೇಶಗಳಲ್ಲಿ ಚಿಕಿತ್ಸೆಯ ಮೊದಲ ದಿನವೇ ನಡೆಯುತ್ತದೆ. ನಮ್ಮಲ್ಲಿ ಅದು ಸಾವಿರಾರು ರೂಪಾಯಿಯ ಬಾಬತ್ತು, ಸಾಮಾನ್ಯ ರೋಗಿಗೆ ದಕ್ಕುವುದಲ್ಲ.

ಡೊಲ್ಯುಟೆಗ್ರಾವಿರ್ ಎಂಬ ಹೊಸ ಮದ್ದು ಬಂದ ಮೇಲೆ ಈ ಚಿಂತೆಯೆಲ್ಲ ಹಳೆಯದಾಯಿತೆಂದು ಹೇಳುವವರಿದ್ದಾರೆ. ಅದು ಉತ್ತಮ ಮದ್ದೆಂಬುದರಲ್ಲಿ ಸಂದೇಹವಿಲ್ಲ. ಹಲವು ದೇಶಗಳಲ್ಲಿ ಚಿಕಿತ್ಸೆ ಆರಂಭಿಸುವವರಲ್ಲಿಯೇ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ನೆವಿರಾಪಿನ್ ವರ್ಗದ ಔಷಧಗಳು ನಾಟದಂತಾದುದನ್ನು ಕಂಡು ವಿಶ್ವ ಆರೋಗ್ಯ ಸಂಸ್ಥೆ ಈ ಹೊಸ ಮದ್ದನ್ನು 2019ರಲ್ಲಿ ಎಲ್ಲರಿಗೂ ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿತು. ಟೆನೊಫೊವಿರ್, ಲ್ಯಾಮಿವುಡಿನ್‌ಗಳೊಡನೆ ಕೂಡಿಸಿ ಟಿ.ಎಲ್.ಡಿ. ಎಂಬ ಒಂದೇ ಮಾತ್ರೆಯಾಗಿ ಅದು ನಮ್ಮ ಕೇಂದ್ರಗಳಿಗೂ ಬಂದಿದೆ. ದಿನಕ್ಕೊಂದು ಮಾತ್ರೆ, ಎಫಾವಿರೆಂಜ್‌ನ ತಲೆಸುತ್ತು, ದುಃಸ್ವಪ್ನಗಳಿಲ್ಲ, ವೈರಾಣುವಿಗೂ ಇದನ್ನು ಗೆಲ್ಲುವುದು ಸುಲಭವಲ್ಲ. ಆದರೆ ಅದೇ ವಿಶ್ವ ಆರೋಗ್ಯ ಸಂಸ್ಥೆ 2024ರ ವರದಿಯಲ್ಲಿ ಎಚ್ಚರಿಕೆಯನ್ನೂ ಕೊಟ್ಟಿದೆ: ಕೆಲವು ದೇಶಗಳಲ್ಲಿ, ಈ ಮದ್ದಿನಲ್ಲಿದ್ದೂ ವೈರಾಣು ಅಡಗದವರನ್ನು ಪರೀಕ್ಷಿಸಿದಾಗ ಪ್ರತಿರೋಧವು ನೂರಕ್ಕೆ 3.9ರಿಂದ 8.6ರವರೆಗೆ ಕಂಡುಬಂದಿತು; ಹಳೆಯ ಚಿಕಿತ್ಸೆಯಿಂದ, ವೈರಾಣುವಿನ ಎಣಿಕೆ ಹೆಚ್ಚಾಗಿದ್ದಾಗಲೇ, ಈ ಹೊಸ ಮದ್ದಿಗೆ ಬದಲಾದವರಲ್ಲಿ ಅದು 19.6ಕ್ಕೆ ಏರಿತ್ತು. ಔಷಧ ಉತ್ತಮವಾಯಿತೆಂದು ಪರೀಕ್ಷೆಯನ್ನು ಸಡಿಲಿಸಿದರೆ, ಹಿಂದೆ ನೆವಿರಾಪಿನ್‌ಗೆ ಆದುದು ಇದಕ್ಕೂ ಆಗದೆ ಇರುವುದಿಲ್ಲ.

ಮಾತ್ರೆ ಇಲ್ಲದೆ ಹೋಗುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. 2022ರ ಜುಲೈಯಲ್ಲಿ ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯ ಮುಂದೆ ಸೋಂಕಿತರು ಔಷಧದ ಕೊರತೆಯ ವಿರುದ್ಧ ವಾರಗಟ್ಟಲೆ ಧರಣಿ ಕುಳಿತರು. ತಿಂಗಳ ಮಾತ್ರೆಗೆ ಬದಲಾಗಿ ವಾರದ ಮಾತ್ರೆ, ದೊಡ್ಡವರ ಮಾತ್ರೆಗೆ ಬದಲಾಗಿ ಮಕ್ಕಳ ಮಾತ್ರೆಯ ಹಲವು ತುಂಡು, ಇಂಥ ದೂರುಗಳು ಆಗ ಹಲವು ರಾಜ್ಯಗಳಿಂದ ಕೇಳಿಬಂದವು. ಟೆಂಡರಿನ ಕಡತವೊಂದು ಮೇಜಿನ ಮೇಲೆ ಎರಡು ತಿಂಗಳು ನಿದ್ರೆ ಮಾಡಿದರೆ ಅದರ ಹೆಸರು ಆಡಳಿತಾತ್ಮಕ ವಿಳಂಬ. ರೋಗಿ ಎರಡು ದಿನ ಮಾತ್ರೆ ಬಿಟ್ಟರೆ ಅದರ ಹೆಸರು ಬೇಜವಾಬ್ದಾರಿ. ವೈರಾಣುವಿಗೆ ಈ ಎರಡು ಹೆಸರುಗಳ ಭೇದ ತಿಳಿಯದು.

ಕರ್ನಾಟಕದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಈ ಸೋಂಕಿನೊಡನೆ ಬಾಳುತ್ತಿದ್ದಾರೆಂಬುದು ಸರ್ಕಾರದ ಅಂದಾಜು. ದೇಶದಲ್ಲಿ ಸುಮಾರು 25 ಲಕ್ಷ. ಈ ಜನ ಉಳಿದುದು ಸಣ್ಣ ಸಾಧನೆಯಲ್ಲ, ಮತ್ತು ಅದನ್ನು ಸಾಧಿಸಿದ ದಾದಿಯರು, ಸಮಾಲೋಚಕರು, ಔಷಧ ವಿತರಕರು, ಹಳ್ಳಿ ಹಳ್ಳಿ ಅಲೆದು ಬಾರದವರನ್ನು ಹುಡುಕುವ ಕಾರ್ಯಕರ್ತೆಯರು ಕಡಮೆ ಸಂಬಳದವರು. ಅವರ ಮೇಲೆ ಇನ್ನಷ್ಟು ಹೊರೆ ಹೊರಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಕೆಲವು ಕೆಲಸಗಳು ಈ ತಾಲ್ಲೂಕುಗಳಲ್ಲಿಯೇ ಆಗಬಹುದಾದುವು. ಕೋವಿಡ್ ಕಾಲದಲ್ಲಿ ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡಬಹುದೆಂದು ನಾವು ಕಂಡುಕೊಂಡೆವು. ಸ್ಥಿರವಾಗಿರುವವರೆಲ್ಲರಿಗೂ ಅದು ಹಕ್ಕಿನಂತೆ ದೊರೆಯಲಿ, ದಾಸ್ತಾನು ಕಡಮೆಯೆಂಬ ಕಾರಣಕ್ಕೆ ಮತ್ತೆ ತಿಂಗಳಿಗಿಳಿಯದಿರಲಿ. ವೈರಲ್ ಲೋಡಿನ ರಕ್ತವನ್ನು ತಾಲ್ಲೂಕಿನಲ್ಲಿಯೇ ತೆಗೆದು ಕಳುಹಿಸಲಿ; ರಕ್ತ ಪ್ರಯಾಣ ಮಾಡಲಿ, ಮನುಷ್ಯ ಮಾಡಬೇಕಾಗಿಲ್ಲ. ವಾರದಲ್ಲಿ ಒಂದು ದಿನವಾದರೂ ಕೇಂದ್ರವು ಬೆಳಗ್ಗೆ ಏಳು ಗಂಟೆಗೆ, ಕೂಲಿಯ ಹೊತ್ತಿಗೆ ಮೊದಲು, ಬಾಗಿಲು ತೆರೆಯಲಿ. ಮಾತ್ರೆಯನ್ನು ಡಬ್ಬಿಯ ಬದಲು ಸದ್ದಾಗದ, ಯಾವ ಗುರುತೂ ಇಲ್ಲದ ಪಟ್ಟಿಯಲ್ಲಿ ಕೊಡಲು ತಯಾರಕರಿಗೆ ಸರ್ಕಾರ ಆಜ್ಞೆ ಮಾಡಲಿ; ಸಣ್ಣ ವಿಷಯವೆಂದು ನಗುವವರು ಆ ಬಸ್ಸು ನಿಲ್ದಾಣದ ಹೆಂಗಸನ್ನು ನೋಡಿದವರಲ್ಲ. ಔಷಧ ಸೋತವರಿಗೆ ಜೀನೋಟೈಪ್ ಪರೀಕ್ಷೆ ರಾಜ್ಯದ ಖರ್ಚಿನಲ್ಲಿ ನಡೆಯಲಿ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ ರೋಗಿಯ ಒಪ್ಪಿಗೆಯಿಲ್ಲದೆ ಅವನ ಸ್ಥಿತಿಯನ್ನು ಬಯಲು ಮಾಡುವುದನ್ನೂ, ಅದರ ಕಾರಣದಿಂದ ಕೆಲಸದಿಂದ ತೆಗೆಯುವುದನ್ನೂ ನಿಷೇಧಿಸಿದೆ. ಆ ಕಾಯ್ದೆಯ ತಿರುಳನ್ನು ಬಿಚ್ಚಾಣಿಕೆಯ ಘಟಕಗಳ, ಬೊಂಬೆಯ ಕಾರ್ಖಾನೆಗಳ, ಕಲ್ಲುಗಣಿಗಳ ಯಜಮಾನರಿಗೆ ಒಂದು ಸಲವಾದರೂ ಕನ್ನಡದಲ್ಲಿ ಓದಿ ಹೇಳುವವರು ಬೇಕು.

ಹಿಂದೊಮ್ಮೆ ಆ ಪರಿಚಿತರ ಜೊತೆಗೆ ಕೇಂದ್ರದಲ್ಲಿ ಕುಳಿತಿದ್ದಾಗ, ಮಾತ್ರೆಯ ಕಿಟಕಿಯ ಮುಂದೆ ಮಣ್ಣು ಹತ್ತಿದ ಪಂಚೆಯ ಮಧ್ಯವಯಸ್ಕರೊಬ್ಬರು ನಿಂತಿದ್ದರು. ಒಳಗಿದ್ದ ಹೆಣ್ಣುಮಗಳು ಅವರ ಹಸಿರು ಪುಸ್ತಕದಲ್ಲಿ ತಾರೀಖು ಬರೆದು, 'ಹೋದ ಸಲ ಒಂಬತ್ತು ದಿನ ತಡವಾಗಿ ಬಂದ್ರಿ ಅಣ್ಣ, ಈ ಸಲ ತಪ್ಪಿಸ್ಬೇಡಿ' ಎಂದರು. ಅವರು ಪುಸ್ತಕ ನೋಡಿ, ಬೆರಳ ಗೆಣ್ಣು ಎಣಿಸಿ, ಬಹಳ ಸಂಕೋಚದಿಂದ, 'ಆ ತಾರೀಕ್ಗೆ ಹುಳ ನಾಲ್ಕನೇ ಜ್ವರ ಎದ್ದಿರ್ತವೆ ಕಣಕ್ಕ, ಸೊಪ್ಪು ಹಾಕಕ್ಕೆ ಮನೇಲಿ ಬೇರೆ ಯಾರೂ ಇಲ್ಲ' ಎಂದರು. ಆಕೆ ಒಂದು ಕ್ಷಣ ಅವರ ಮುಖ ನೋಡಿ, ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ ನೋಡಿ, ಬರೆದ ತಾರೀಖನ್ನು ಹೊಡೆದುಹಾಕಿ, ಹತ್ತು ದಿನ ಮುಂಚಿನದನ್ನು ಬರೆದರು. ಆಮೇಲೆ ಅದರ ಮಗ್ಗುಲಿಗೆ, ಮುಂದಿನ ಸಲ ಯಾರು ಕಿಟಕಿಯಲ್ಲಿ ಕುಳಿತಿದ್ದರೂ ಕಾಣುವಂತೆ, ಸಣ್ಣ ಅಕ್ಷರದಲ್ಲಿ 'ಹುಳು' ಎಂದು ಗುರುತು ಹಾಕಿದರು.